ಒಂದೇ ಸಾಲಿನ ಆಟಗಾರ

ಓದುಗರ ಕ್ರೀಡಾ ಪ್ರಶ್ನೆಗಳಿಗೆ ನಿವೃತ್ತ ಸ್ಕೋರರ್ ಒಬ್ಬರ ಉತ್ತರ

ಸರ್, ಬ್ರಾಡ್ಮನ್‌ಗಿಂತ ಜಾಸ್ತಿ ಸರಾಸರಿ ಇರುವ ಬ್ಯಾಟ್ಸ್‌ಮನ್ ಪ್ರಪಂಚದಲ್ಲೇ ಇಲ್ಲ ಅಂತ ಗೆಳೆಯನ ಜೊತೆ ಪಂತ ಕಟ್ಟಿದ್ದೆ. ಅವನು ಫೋನ್ ತೆಗೆದು ನಾರ್ಮನ್ ಕ್ಯಾಲವೇ ಅಂತ ಒಂದು ಹೆಸರು ತೋರಿಸಿದ. ಸರಾಸರಿ 207! ಇದು ನಿಜವಾ? ನಾನು ಸೋತೆನಾ? – ಒಬ್ಬ ಕಾಲೇಜು ವಿದ್ಯಾರ್ಥಿ

ಪಂತ ಎಷ್ಟಕ್ಕೆ ಅಂತ ನೀವು ಬರೆದಿಲ್ಲ. ದುಡ್ಡು ಕೊಡುವುದಕ್ಕೆ ಮುಂಚೆ ಇದನ್ನು ಪೂರ್ತಿ ಓದಿ.

ನಿಜ. ಸುಳ್ಳೇನಿಲ್ಲ. ಆಸ್ಟ್ರೇಲಿಯಾದ ಈ ಕ್ಯಾಲವೇಯ ಪ್ರಥಮ ದರ್ಜೆ (ನಮ್ಮ ರಣಜಿಯಂಥ ದೊಡ್ಡ ಪಂದ್ಯಗಳ) ದಾಖಲೆಯನ್ನು ನಾನು ನಿಮಗೆ ಎಡದಿಂದ ಬಲಕ್ಕೆ ಓದಿ ಹೇಳುತ್ತೇನೆ. ಪಂದ್ಯ 1. ಇನಿಂಗ್ಸ್ 1. ನಾಟ್ ಔಟ್ 0. ರನ್ 207. ಗರಿಷ್ಠ 207. ಸರಾಸರಿ 207.00. ಶತಕ 1. ಮುಗಿಯಿತು. ಅದರ ಕೆಳಗೆ ಇನ್ನೊಂದು ಸಾಲಿಲ್ಲ.

ನಲವತ್ತು ವರ್ಷ ಸ್ಕೋರ್ ಬರೆದವನು ನಾನು. ಯಾವ ಸಂಖ್ಯೆ ಕಂಡರೂ ಮೊದಲು ಅನುಮಾನಪಡುತ್ತೇನೆ, ಆಮೇಲೆ ನಂಬುತ್ತೇನೆ. ಈ ಸಾಲನ್ನು ಮೊದಲ ಸಲ ನೋಡಿದಾಗ ಮುದ್ರಣದ ತಪ್ಪು ಅಂದುಕೊಂಡೆ. ರನ್ನು, ಗರಿಷ್ಠ, ಸರಾಸರಿ ಮೂರೂ ಕಡೆ ಒಂದೇ ಅಂಕಿ. ಅಚ್ಚಿನ ಮೊಳೆ ಜೋಡಿಸುವವರು ತೂಕಡಿಸಿರಬೇಕು ಅನ್ನಿಸಿತ್ತು. ಆಮೇಲೆ ಆ ಪಂದ್ಯದ ಸ್ಕೋರ್ ಪಟ್ಟಿ ನೋಡಿದೆ.

1915ರ ಫೆಬ್ರವರಿ. ಸಿಡ್ನಿ ಕ್ರಿಕೆಟ್ ಗ್ರೌಂಡ್. ನ್ಯೂ ಸೌತ್ ವೇಲ್ಸ್‌ಗೂ ಕ್ವೀನ್ಸ್‌ಲ್ಯಾಂಡ್‌ಗೂ ಪಂದ್ಯ. ಇದು ಶೆಫೀಲ್ಡ್ ಶೀಲ್ಡ್, ಅಂದರೆ ಅಲ್ಲಿನ ರಾಜ್ಯಗಳ ನಡುವಿನ ಪಂದ್ಯಾವಳಿಯ ಪಂದ್ಯ ಅಲ್ಲ. ಕ್ವೀನ್ಸ್‌ಲ್ಯಾಂಡ್‌ಗೆ ಶೀಲ್ಡ್‌ನಲ್ಲಿ ಜಾಗ ಸಿಕ್ಕಿದ್ದು 1926–27ರಲ್ಲಿ. ಆದರೂ ಪ್ರಥಮ ದರ್ಜೆ ಪಂದ್ಯವೇ. ಕ್ವೀನ್ಸ್‌ಲ್ಯಾಂಡ್ 137ಕ್ಕೆ ಔಟಾಯಿತು. ಉತ್ತರವಾಗಿ ಆಡಿದ ನ್ಯೂ ಸೌತ್ ವೇಲ್ಸ್ 17 ರನ್ನಿಗೆ ಮೂರು ವಿಕೆಟ್ ಕಳೆದುಕೊಂಡಿತು. ಆಗ ಬ್ಯಾಟ್ ಹಿಡಿದು ಬಂದವನು ಈ ಹುಡುಗ. ಹುಟ್ಟಿದ್ದು ಹೇ ಎಂಬ ಒಳನಾಡಿನ ಊರಿನಲ್ಲಿ, 1896ರ ಏಪ್ರಿಲ್ 5ರಂದು. ಅಂದರೆ ಅವತ್ತಿಗೆ ಹದಿನೆಂಟು ತುಂಬಿತ್ತು, ಹತ್ತೊಂಬತ್ತು ಇನ್ನೂ ಆಗಿರಲಿಲ್ಲ. ಮೊದಲ ಪಂದ್ಯ.

17ಕ್ಕೆ 3 ಅಂದರೆ ಸ್ಕೋರರ್ ಮೇಜಿನ ಹತ್ತಿರ ಏನಾಗುತ್ತದೆ ಗೊತ್ತಾ? ಎಲ್ಲರೂ ಬಂದು ನಮ್ಮ ಹೆಗಲ ಮೇಲಿಂದ ಬಗ್ಗಿ ನೋಡುತ್ತಾರೆ. ನಾವೇ ವಿಕೆಟ್ ಕೊಟ್ಟ ಹಾಗೆ ಮುಖ ಮಾಡುತ್ತಾರೆ. ಅಂಥ ಹೊತ್ತಿನಲ್ಲಿ ಇಳಿದ ಹುಡುಗ ಸುಮಾರು ಮೂರೂವರೆ ಗಂಟೆಯಲ್ಲಿ 207 ಹೊಡೆದ. ಲೆಕ್ಕ ಹಾಕಿ, ನಿಮಿಷಕ್ಕೆ ಒಂದು ರನ್ ಹತ್ತಿರ ಹತ್ತಿರ. ಜೊತೆಗಿದ್ದವರು ಚಾರ್ಲಿ ಮಕಾರ್ಟ್ನಿ, ಆಗಲೇ ಟೆಸ್ಟ್ ಆಡಿ ಹೆಸರು ಮಾಡಿದ್ದವರು. ಇಬ್ಬರೂ ಸೇರಿ ಐದನೇ ವಿಕೆಟ್‌ಗೆ 256 ರನ್ ಕೂಡಿಸಿದರು. ತಂಡದ ಮೊತ್ತ 468. ಕ್ವೀನ್ಸ್‌ಲ್ಯಾಂಡ್ ಎರಡನೇ ಸಲ 100ಕ್ಕೇ ಮುಗಿಯಿತು. ಇನಿಂಗ್ಸ್ ಮತ್ತು 231 ರನ್ನಿನ ಗೆಲುವು.

ಇಲ್ಲೊಂದು ತಮಾಷೆ ನೋಡಿ. ಕ್ವೀನ್ಸ್‌ಲ್ಯಾಂಡಿನ ಹನ್ನೊಂದು ಜನ ಎರಡು ಇನಿಂಗ್ಸ್‌ನಲ್ಲಿ ಸೇರಿಸಿದ್ದು, ಇತರೆ ರನ್ನೂ ಸೇರಿ, 237. ಹುಡುಗ ಒಬ್ಬನದೇ 207. ಗೆಲುವು ಅಷ್ಟು ದೊಡ್ಡದಾಗಿದ್ದರಿಂದಲೇ ಅವನಿಗೆ ಎರಡನೇ ಇನಿಂಗ್ಸ್ ಸಿಗಲಿಲ್ಲ. ಸಿಕ್ಕಿದ್ದರೆ ಅವನ ಹೆಸರಿನ ಮುಂದೆ ಇನ್ನೊಂದು ಅಂಕಿ ಇರುತ್ತಿತ್ತು.

ಈಗ ನಿಮ್ಮ ಪಂತಕ್ಕೆ ಬರೋಣ. ಸರಾಸರಿ ಅಂದರೆ ಒಟ್ಟು ರನ್ನನ್ನು ಔಟಾದ ಸಲದಿಂದ ಭಾಗಿಸುವುದು. ಇನಿಂಗ್ಸ್‌ನಿಂದಲ್ಲ, ಔಟಾದ ಸಲದಿಂದ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಕ್ಯಾಲವೇ ಒಂದು ಸಲ ಔಟಾದ, ಹಾಗಾಗಿ 207. ಒಂದು ವೇಳೆ ಅವನು ನಾಟ್ ಔಟ್ ಉಳಿದಿದ್ದರೆ ಸರಾಸರಿಯ ಜಾಗದಲ್ಲಿ ಬರೀ ಒಂದು ಗೀಟು ಇರುತ್ತಿತ್ತು. ಸೊನ್ನೆಯಿಂದ ಭಾಗಿಸೋಕೆ ಆಗಲ್ಲ, ಅಲ್ವಾ? ನಿಮ್ಮ ಗೆಳೆಯ ಫೋನಿನಲ್ಲಿ ತೋರಿಸಿದ ಆ ಸಂಖ್ಯೆ ಹುಟ್ಟಿದ್ದೇ ಅವನು ಔಟಾದ ಚೆಂಡಿನಿಂದ.

ಬ್ರಾಡ್ಮನ್ ಟೆಸ್ಟ್‌ನಲ್ಲಿ 70 ಸಲ ಔಟಾಗಿ 6,996 ರನ್ ಮಾಡಿದ್ದು, ಸರಾಸರಿ 99.94. ಪ್ರಥಮ ದರ್ಜೆಯಲ್ಲಿ 28,067 ರನ್, ಸರಾಸರಿ 95.14. ಪಟ್ಟಿ ಮಾಡುವವರು ಇಂತಿಷ್ಟು ಇನಿಂಗ್ಸ್ ಆಡಿರಬೇಕು ಅಂತ ಒಂದು ಗೆರೆ ಹಾಕಿಕೊಳ್ಳುತ್ತಾರೆ. ಟೆಸ್ಟ್‌ಗೆ ಸಾಮಾನ್ಯವಾಗಿ 20 ಇನಿಂಗ್ಸ್. ಆ ಗೆರೆ ಇಲ್ಲದಿದ್ದರೆ ಟೆಸ್ಟ್‌ನಲ್ಲೂ ಬ್ರಾಡ್ಮನ್‌ಗಿಂತ ಮೇಲೆ ಜನ ಇದ್ದಾರೆ. ವೆಸ್ಟ್ ಇಂಡೀಸ್‌ನ ಆ್ಯಂಡಿ ಗಾಂಟೋಮ್ 1948ರಲ್ಲಿ ಒಂದೇ ಟೆಸ್ಟ್ ಆಡಿ, ಒಂದೇ ಇನಿಂಗ್ಸ್‌ನಲ್ಲಿ 112 ಹೊಡೆದರು. ನಿಧಾನವಾಗಿ ಆಡಿದರು ಅಂತ ಕೈಬಿಟ್ಟರು. ಮತ್ತೆ ಕರೆಯಲೇ ಇಲ್ಲ. ಕ್ಯಾಲವೇಯ ಆಟ ನಿಂತದ್ದು ಯುದ್ಧದಲ್ಲಿ ಸತ್ತಿದ್ದರಿಂದ. ಗಾಂಟೋಮ್ ವಿಷಯದಲ್ಲಿ ಯುದ್ಧವೂ ಇರಲಿಲ್ಲ, ಗುಂಡೂ ಇರಲಿಲ್ಲ.

ಹಾಗಾಗಿ ನನ್ನ ತೀರ್ಪು: ಪಂತದ ಮಾತಿನಲ್ಲಿ ‘ಕನಿಷ್ಠ ಇಷ್ಟು ಇನಿಂಗ್ಸ್’ ಅಂತ ನೀವು ಹೇಳಿರಲಿಲ್ಲ. ಸೋತಿದ್ದೀರಿ. ಕೊಟ್ಟುಬಿಡಿ. ಆದರೆ 207 ಸರಾಸರಿ ಅಲ್ಲ, ಅದೊಂದು ಇನಿಂಗ್ಸ್ ಅಂತ ಗೆಳೆಯನಿಗೆ ಹೇಳಿ.

ಕ್ಯಾಲವೇ ಯುದ್ಧದಲ್ಲಿ ಸತ್ತ ಅಂತ ಓದಿದೆ. ಇಂಥ ಪ್ರತಿಭೆ ಇರುವ ಹುಡುಗನನ್ನು ಸೈನ್ಯಕ್ಕೆ ಯಾಕೆ ಕಳಿಸಿದರು? ತಡೆಯುವವರು ಯಾರೂ ಇರಲಿಲ್ಲವೇ? – ಒಬ್ಬ ತಾಯಿ

ಅಮ್ಮಾ, ‘ಯಾಕೆ ಕಳಿಸಿದರು’ ಅಂತ ಕೇಳಿದ್ದೀರಿ. ಯಾರೂ ಕಳಿಸಲಿಲ್ಲ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದಿಂದ ಹೊರದೇಶಕ್ಕೆ ಹೋದ ಸೈನಿಕರೆಲ್ಲ ತಾವಾಗಿಯೇ ಹೆಸರು ಕೊಟ್ಟವರು. ಕಡ್ಡಾಯ ಮಾಡಬೇಕು ಅಂತ ಸರ್ಕಾರ ಎರಡು ಸಲ ಜನರ ಮತ ಕೇಳಿತು. 1916ರ ಅಕ್ಟೋಬರ್‌ನಲ್ಲಿ ಒಮ್ಮೆ, 1917ರ ಡಿಸೆಂಬರ್‌ನಲ್ಲಿ ಇನ್ನೊಮ್ಮೆ. ಎರಡು ಸಲವೂ ಜನ ಬೇಡ ಅಂದರು.

ಆದರೆ ‘ತಾವಾಗಿಯೇ’ ಅನ್ನುವ ಮಾತನ್ನು ಸ್ವಲ್ಪ ಉಜ್ಜಿ ನೋಡಬೇಕು. ಅವನು 207 ಹೊಡೆದಾಗ ಯುದ್ಧ ಶುರುವಾಗಿ ಆರು ತಿಂಗಳಾಗಿತ್ತು. ಆದರೂ ಅದು ದೂರದ ಸುದ್ದಿ. ಎರಡು ತಿಂಗಳ ನಂತರ, ಏಪ್ರಿಲ್ 25ಕ್ಕೆ, ಆಸ್ಟ್ರೇಲಿಯಾದ ಹುಡುಗರು ಟರ್ಕಿಯ ಗಲಿಪೊಲಿ ದಡದಲ್ಲಿ ಯುದ್ಧಕ್ಕೆ ಇಳಿದರು. ಸತ್ತವರ ಪಟ್ಟಿಗಳು ಪೇಪರಿನಲ್ಲಿ ಬರತೊಡಗಿದವು. ಅದಾದ ಮೇಲೆ ಬ್ಯಾಟ್ ಹಿಡಿದು ಮೈದಾನಕ್ಕೆ ಹೋಗುವ ಗಟ್ಟಿಮುಟ್ಟಾದ ಹುಡುಗನನ್ನು ಜನ ಹೇಗೆ ನೋಡಿರಬಹುದು ಹೇಳಿ? ಸೇನೆ ಸೇರದ ಯುವಕರ ಕೈಗೆ ಹೇಡಿ ಅನ್ನುವ ಅರ್ಥದಲ್ಲಿ ಬಿಳಿ ಗರಿ ಕೊಡುವುದು ಅಲ್ಲೂ ನಡೆಯುತ್ತಿತ್ತು. ಆಟಗಾರರು ಒಟ್ಟಿಗೆ ಸೇರಿ, ಒಟ್ಟಿಗೆ ತರಬೇತಿ ಪಡೆದು, ಒಟ್ಟಿಗೆ ಹಡಗು ಹತ್ತಿ ಅಂತ ಕ್ರೀಡಾಪಟುಗಳಿಗೇ ಗುರಿಯಿಟ್ಟ ಪೋಸ್ಟರುಗಳೂ 1917ರಲ್ಲಿ ಬಂದವು.

ಇನ್ನೊಂದು ಕಾರಣ ಇನ್ನೂ ಸರಳ. ಆಡಲು ಆಟವೇ ಇರಲಿಲ್ಲ. 1915–16ರಿಂದ ಶೆಫೀಲ್ಡ್ ಶೀಲ್ಡ್ ನಿಂತುಹೋಯಿತು, ಯುದ್ಧ ಮುಗಿಯುವವರೆಗೂ ನಡೆಯಲಿಲ್ಲ. ಟೆಸ್ಟ್ ಕ್ರಿಕೆಟ್ ಅಂತೂ 1914ರ ಮಾರ್ಚ್‌ನಲ್ಲಿ ನಿಂತಿದ್ದು 1920ರ ಡಿಸೆಂಬರ್‌ನಲ್ಲೇ ಮತ್ತೆ ಶುರುವಾದದ್ದು. ದ್ವಿಶತಕ ಹೊಡೆದ ಹುಡುಗನಿಗೆ ಮುಂದಿನ ಬೇಸಿಗೆಯಲ್ಲಿ ತೋರಿಸಲು ಮೈದಾನವೇ ಸಿಗಲಿಲ್ಲ. ಅವನಿಗೆ ಪಂದ್ಯ ಕಡಿಮೆಯಾದದ್ದಕ್ಕೆ ಆಯ್ಕೆಗಾರರನ್ನು ಬೈಯುವಂತಿಲ್ಲ.

(ನಡುವೆ ಒಂದು ಮಾತು. ಎಲ್ಲ ಆಟವೂ ನಿಲ್ಲಲಿಲ್ಲ. ವಿಕ್ಟೋರಿಯಾದ ಫುಟ್‌ಬಾಲ್ ಲೀಗ್ 1916ರಲ್ಲಿ ನಾಲ್ಕೇ ತಂಡ ಇಟ್ಟುಕೊಂಡು ನಡೆಯಿತು. ಲೀಗ್ ಹಂತದಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ಫಿಟ್ಜ್‌ರಾಯ್ ತಂಡವೇ ಕೊನೆಗೆ ಚಾಂಪಿಯನ್ ಆಯಿತು. ನಾಲ್ಕೇ ತಂಡ ಇದ್ದರೆ ಕೊನೆಯವರೂ ಸೆಮಿಫೈನಲ್‌ಗೆ ಬರುತ್ತಾರಲ್ಲ! ಇದನ್ನು ಹೇಳದೆ ಇರೋಕೆ ನನ್ನಿಂದ ಆಗಲಿಲ್ಲ.)

ಕ್ಯಾಲವೇ 1916ರಲ್ಲಿ ಸೇನೆ ಸೇರಿದ. 19ನೇ ಬೆಟಾಲಿಯನ್. ಫ್ರಾನ್ಸ್‌ಗೆ ಕಳಿಸಿದರು. ಅಲ್ಲಿ ಬುಲೆಕೂರ್ ಅಂತ ಒಂದು ಹಳ್ಳಿ. ಅದರ ಪಕ್ಕದಲ್ಲೇ ಜರ್ಮನರ ಹಿಂಡೆನ್‌ಬರ್ಗ್ ಲೈನ್ ಎಂಬ ರಕ್ಷಣಾ ಸಾಲು ಹಾದುಹೋಗಿತ್ತು. 1917ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪಡೆ ಅಲ್ಲಿ ಒಂದು ಸಲ ನುಗ್ಗಿ ಭಾರಿ ಪೆಟ್ಟು ತಿಂದಿತ್ತು. ಮತ್ತೆ ಅಲ್ಲೇ ನುಗ್ಗಬೇಕು ಅಂತ ತೀರ್ಮಾನವಾಯಿತು. ಮೇ 3, ಬೆಳಗಿನ ಜಾವ 3.45. ಇನ್ನೂ ಬೆಳಕು ಹರಿದಿರಲಿಲ್ಲ. 19ನೇ ಬೆಟಾಲಿಯನ್ ಇದ್ದ ಬ್ರಿಗೇಡ್ ಮುಳ್ಳುತಂತಿಯ ಬೇಲಿಯ ಹತ್ತಿರ ಮೆಷಿನ್‌ಗನ್‌ಗೆ ಸಿಕ್ಕಿಕೊಂಡಿತು. ಪಕ್ಕದ ಬ್ರಿಗೇಡ್ ಒಳಗೆ ನುಗ್ಗಿತು, ಇವರಿಗೆ ಆಗಲಿಲ್ಲ. ಅವತ್ತೇ ಕ್ಯಾಲವೇ ಸತ್ತ. ಇಪ್ಪತ್ತೊಂದು ತುಂಬಿ ಇನ್ನೂ ತಿಂಗಳಾಗಿರಲಿಲ್ಲ.

ಅವನಿಗೆ ಗೋರಿ ಇಲ್ಲ. ಫ್ರಾನ್ಸ್‌ನ ವಿಲೇ ಬ್ರೆಟೊನೋ ಸ್ಮಾರಕದ ಗೋಡೆಗಳ ಮೇಲೆ, ಎಲ್ಲಿ ಹೂತಿದ್ದಾರೆ ಅಂತ ಗೊತ್ತಿಲ್ಲದ ಹತ್ತು ಸಾವಿರಕ್ಕೂ ಜಾಸ್ತಿ ಆಸ್ಟ್ರೇಲಿಯನ್ನರ ಹೆಸರುಗಳಿವೆ. ಅದರಲ್ಲಿ ಇವನದೂ ಒಂದು. ಅಲ್ಲಿ ರನ್ ಬರೆದಿರುವುದಿಲ್ಲ.

ಐವತ್ತು ಲಕ್ಷವೂ ಇಲ್ಲದ ಜನಸಂಖ್ಯೆಯ ದೇಶ ಅದು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಹೆಸರು ಕೊಟ್ಟರು, ಸುಮಾರು ಅರವತ್ತು ಸಾವಿರ ಜನ ಸತ್ತರು. ತಡೆಯುವವರು ಇರಲಿಲ್ಲವೇ ಅಂತ ಕೇಳಿದಿರಿ. ಆ ಎರಡು ಮತದಾನದಲ್ಲಿ ‘ಬೇಡ’ ಅಂದವರಲ್ಲಿ ಎಷ್ಟೋ ಜನ ತಾಯಂದಿರೂ ಇದ್ದಿರಬೇಕು. ಹೆಂಗಸರಿಗೆ ಅಲ್ಲಿ ಆಗಲೇ ಮತದಾನದ ಹಕ್ಕಿತ್ತು.

ಬದುಕಿದ್ದರೆ ಕ್ಯಾಲವೇ ಬ್ರಾಡ್ಮನ್‌ನಷ್ಟು ದೊಡ್ಡ ಆಟಗಾರ ಆಗುತ್ತಿದ್ದನೇ? ನಿಮ್ಮ ಅಂದಾಜು ಹೇಳಿ. – ಒಬ್ಬ ಕ್ರಿಕೆಟ್ ಕೋಚ್

ಅಂದಾಜು ಹೇಳುವುದು ನಿಮ್ಮ ಕೆಲಸ ಸ್ವಾಮಿ, ನನ್ನದಲ್ಲ. ಬಿದ್ದ ಚೆಂಡನ್ನು ಬರೆಯುವವನು ನಾನು. ಬೀಳದ ಚೆಂಡಿಗೆ ನನ್ನ ಪುಸ್ತಕದಲ್ಲಿ ಮನೆಯೇ ಇಲ್ಲ.

ಆದರೂ ಕೇಳಿದ್ದೀರಿ, ಎರಡು ಉದಾಹರಣೆ ಕೊಡುತ್ತೇನೆ. ನಮ್ಮ ಗುಂಡಪ್ಪ ವಿಶ್ವನಾಥ್ ತಮ್ಮ ಮೊದಲ ರಣಜಿ ಪಂದ್ಯದಲ್ಲೇ, 1967ರಲ್ಲಿ, ಆಂಧ್ರದ ವಿರುದ್ಧ 230 ಹೊಡೆದರು. ಆಮೇಲೆ 91 ಟೆಸ್ಟ್ ಆಡಿದರು. ಅಮೋಲ್ ಮಜುಂದಾರ್ 1994ರಲ್ಲಿ ತಮ್ಮ ಮೊದಲ ರಣಜಿ ಪಂದ್ಯದಲ್ಲಿ 260 ಹೊಡೆದರು. ಆಮೇಲೆ ಪ್ರಥಮ ದರ್ಜೆಯಲ್ಲಿ ಹನ್ನೊಂದು ಸಾವಿರಕ್ಕೂ ಜಾಸ್ತಿ ರನ್ ಮಾಡಿದರು. ಒಂದು ಟೆಸ್ಟ್ ಸಿಗಲಿಲ್ಲ. ಒಂದೇ ಥರದ ಶುರು, ಎರಡು ದಾರಿ. ಕ್ಯಾಲವೇ ಯಾವ ದಾರಿ ಹಿಡಿಯುತ್ತಿದ್ದ ಅಂತ ಯಾರು ಹೇಳುತ್ತಾರೆ?

ಇನ್ನು ಬ್ರಾಡ್ಮನ್ ವಿಷಯ. ಅವರ ಮೊದಲ ಟೆಸ್ಟ್ 1928ರಲ್ಲಿ, ಬ್ರಿಸ್ಬೇನ್‌ನಲ್ಲಿ. ಹೊಡೆದದ್ದು 18 ಮತ್ತು 1. ಮುಂದಿನ ಟೆಸ್ಟ್‌ಗೆ ಹನ್ನೆರಡನೆಯವರಾಗಿ ಕೂತರು. ಆ ವಾರವೇ ಒಂದು ಯುದ್ಧ ಶುರುವಾಗಿ ಬ್ರಾಡ್ಮನ್ ಹೋಗಿಬಿಟ್ಟಿದ್ದರು ಅಂತ ಇಟ್ಟುಕೊಳ್ಳಿ. ನಮ್ಮ ಪುಸ್ತಕದಲ್ಲಿ ಏನಿರುತ್ತಿತ್ತು? ಪಂದ್ಯ 1, ರನ್ 19, ಸರಾಸರಿ 9.50. ಅದನ್ನು ನೋಡಿ ‘ಬದುಕಿದ್ದರೆ ಏನಾಗುತ್ತಿದ್ದರೋ’ ಅಂತ ನಿಮಗೆ ಪತ್ರ ಬರೆಯುವವರು ಯಾರೂ ಇರುತ್ತಿರಲಿಲ್ಲ. ಬುಲೆಕೂರಿನಲ್ಲಿ, ಫ್ರಾನ್ಸಿನ ಇನ್ನೊಂದು ರಣರಂಗವಾದ ಸೊಮ್‌ನಲ್ಲಿ ಸತ್ತವರಲ್ಲಿ ಅಂಥ 18 ಮತ್ತು 1 ಹೊಡೆದವರೂ ಇದ್ದಿರಬೇಕು. ಅವರ ಬಗ್ಗೆ ಯಾರೂ ಪಂತ ಕಟ್ಟುವುದಿಲ್ಲ. ನನಗೆ ಕ್ಯಾಲವೇಗಿಂತ ಅವರ ಯೋಚನೆಯೇ ಜಾಸ್ತಿ ಬರುತ್ತದೆ.

ಉಲ್ಟಾ ಕಥೆಯೂ ಇದೆ. ಜಾಕ್ ಗ್ರೆಗರಿ ಸಿಡ್ನಿಯ ಹುಡುಗ. ಹುಟ್ಟಿದ್ದು 1895ರ ಆಗಸ್ಟ್, ಅಂದರೆ ಕ್ಯಾಲವೇಗಿಂತ ಎಂಟು ತಿಂಗಳು ದೊಡ್ಡವನು. ಯುದ್ಧಕ್ಕೆ ಮೊದಲು ಒಂದು ಪ್ರಥಮ ದರ್ಜೆ ಪಂದ್ಯವನ್ನೂ ಆಡಿರಲಿಲ್ಲ. ಫಿರಂಗಿ ದಳದಲ್ಲಿದ್ದ. ಯುದ್ಧ ಮುಗಿದ ಮೇಲೆ, 1919ರಲ್ಲಿ, ಊರಿಗೆ ಹಡಗು ಸಿಗುವವರೆಗೆ ಇಂಗ್ಲೆಂಡಿನಲ್ಲಿದ್ದ ಸೈನಿಕರನ್ನೇ ಸೇರಿಸಿ ಒಂದು ತಂಡ ಕಟ್ಟಿದರು. ಆ ತಂಡದಲ್ಲಿ ಬೆಳಕಿಗೆ ಬಂದ ಗ್ರೆಗರಿ ಆಮೇಲೆ 24 ಟೆಸ್ಟ್ ಆಡಿದ. 1921ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 70 ನಿಮಿಷದಲ್ಲಿ ಶತಕ ಹೊಡೆದ. ಗಡಿಯಾರದ ಲೆಕ್ಕದಲ್ಲಿ ಅದು ಇವತ್ತಿಗೂ ಟೆಸ್ಟ್‌ನ ಅತಿ ವೇಗದ ಶತಕ. ಅದೇ ತಂಡದ ವಿಕೆಟ್‌ಕೀಪರ್ ಬರ್ಟ್ ಓಲ್ಡ್‌ಫೀಲ್ಡ್ 1917ರಲ್ಲಿ ಗಾಯಾಳುಗಳನ್ನು ಹೊರುವ ಕೆಲಸದಲ್ಲಿದ್ದಾಗ ಶೆಲ್ ಬಿದ್ದು ಮಣ್ಣಿನಲ್ಲಿ ಅರ್ಧ ಹೂತುಹೋಗಿದ್ದರು. ಯಾರೋ ಎಳೆದು ತೆಗೆದರು. ಮುಂದೆ 54 ಟೆಸ್ಟ್, 52 ಸ್ಟಂಪಿಂಗ್. ಟೆಸ್ಟ್‌ನಲ್ಲಿ ಅಷ್ಟು ಸ್ಟಂಪಿಂಗ್ ಮಾಡಿದವರು ಇನ್ನೊಬ್ಬರಿಲ್ಲ.

ಗ್ರೆಗರಿ, ಕ್ಯಾಲವೇ ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ರಾಜ್ಯ, ಒಂದೇ ಯುದ್ಧ. ಒಬ್ಬನಿಗೆ ಅಲ್ಲಿಂದ ಆಟ ಶುರುವಾಯಿತು, ಇನ್ನೊಬ್ಬನಿಗೆ ಅಲ್ಲೇ ಮುಗಿಯಿತು. ಇದರಲ್ಲಿ ಪ್ರತಿಭೆಯ ಪಾತ್ರ ಎಷ್ಟು ಅಂತ ನೀವೇ ನಿಮ್ಮ ಹುಡುಗರಿಗೆ ಹೇಳಿ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಭಾರತದಲ್ಲೂ ಕ್ರಿಕೆಟ್ ನಿಂತಿತ್ತಾ? – ಒಬ್ಬ ನಿವೃತ್ತ ಶಿಕ್ಷಕರು

ಇಲ್ಲ ಮೇಷ್ಟ್ರೇ. ರಣಜಿ ಆ ಆರು ವರ್ಷವೂ ನಡೆಯಿತು. ವಿಜಯ್ ಮರ್ಚೆಂಟ್ ಮಹಾರಾಷ್ಟ್ರದ ವಿರುದ್ಧ ಔಟಾಗದೆ 359 ಹೊಡೆದದ್ದು 1943–44ರಲ್ಲಿ. ರಣಜಿ ಒಂದು ವರ್ಷ ಪೂರ್ತಿ ತಪ್ಪಿದ್ದು ಯುದ್ಧದಿಂದಲ್ಲ, ಕೊರೊನಾದಿಂದ, 2020–21ರಲ್ಲಿ.

1944–45ರ ಫೈನಲ್ ಅಂತೂ ನನ್ನಂಥ ಸ್ಕೋರರ್‌ಗೆ ಕನಸೋ ಶಿಕ್ಷೆಯೋ ಗೊತ್ತಿಲ್ಲ. ಮುಂಬೈ ಮತ್ತು ಇಂದೋರ್ ಸಂಸ್ಥಾನದ ಹೋಳ್ಕರ್ ತಂಡ. ಎರಡೂ ಕಡೆ ಸೇರಿ 2,078 ರನ್. ಅದನ್ನು ಬರೆದವರ ಬೆರಳು ಹೇಗಿತ್ತೋ! ಹೋಳ್ಕರ್ ಪರವಾಗಿ ಔಟಾಗದೆ 249 ಹೊಡೆದವರು ಇಂಗ್ಲೆಂಡಿನ ಡೆನಿಸ್ ಕಾಂಪ್ಟನ್. ಅವರು ಇಲ್ಲಿಗೆ ಬಂದಿದ್ದು ಆಟಕ್ಕಲ್ಲ, ಸೈನಿಕನಾಗಿ.

ಇದೇ ಯುದ್ಧದ ಕೆಲಸಕ್ಕೆ ಬ್ರಿಟಿಷ್ ಭಾರತಕ್ಕೆ ಬಂದಿದ್ದ ಇನ್ನೊಬ್ಬ ಆಟಗಾರನನ್ನು ನಮ್ಮವರು ಹೆಚ್ಚು ಬಲ್ಲವರಲ್ಲ. ರಾಸ್ ಗ್ರೆಗರಿ, ವಿಕ್ಟೋರಿಯಾದ ಹುಡುಗ. 1937ರಲ್ಲಿ ಇಂಗ್ಲೆಂಡ್ ವಿರುದ್ಧ ಎರಡು ಟೆಸ್ಟ್ ಆಡಿದ. 23, 50, 80. ಮೂರು ಇನಿಂಗ್ಸ್, 153 ರನ್, ಸರಾಸರಿ 51. ವಿಮಾನ ದಳ ಸೇರಿದ. 1942ರ ಜೂನ್ 10ರಂದು ಆಗಿನ ಬ್ರಿಟಿಷ್ ಭಾರತದ ಪೂರ್ವ ಭಾಗದಲ್ಲಿ ವಿಮಾನ ಬಿದ್ದು ಸತ್ತ. ವಯಸ್ಸು 26. ಕಾಂಪ್ಟನ್ ಇಲ್ಲಿ 249 ಹೊಡೆಯುವುದಕ್ಕೆ ಸುಮಾರು ಮೂರು ವರ್ಷ ಮುಂಚೆ.

ಕ್ರಿಕೆಟ್ ಬಿಟ್ಟು ಬೇರೆ ಆಟದವರು? ಸಾಯದೆ ಬರೀ ಆಟ ಕಳೆದುಕೊಂಡವರೂ ಇರಬೇಕಲ್ಲ? – ಓಟದ ಅಭ್ಯಾಸಿ

ಓಟದವರಾದ್ದರಿಂದ ಇಬ್ಬರು ಓಟಗಾರರ ಬಗ್ಗೆಯೇ ಹೇಳುತ್ತೇನೆ.

ಫ್ರಾನ್ಸಿನ ಝಾನ್ ಬುವಾನ್. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್, 5000 ಮೀಟರ್. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಜೊತೆ ಕೊನೆಯ ಗಜದವರೆಗೂ ಪೈಪೋಟಿ. ಗೆದ್ದ ಕೊಲೆಹ್ಮೈನೆನ್ ಅವರದು 14 ನಿಮಿಷ 36.6 ಸೆಕೆಂಡ್, ಬುವಾನ್ ಅವರದು 14 ನಿಮಿಷ 36.7. ಇಬ್ಬರೂ ಹಿಂದಿನ ವಿಶ್ವದಾಖಲೆಯನ್ನು ಮುರಿದೇ ಓಡಿದ್ದು. ಮುಂದಿನ ಒಲಿಂಪಿಕ್ಸ್ 1916ರಲ್ಲಿ ಬರ್ಲಿನ್‌ನಲ್ಲಿ ಆಗಬೇಕಿತ್ತು. ಬರ್ಲಿನ್! ಬುವಾನ್ 1914ರ ಸೆಪ್ಟೆಂಬರ್‌ನಲ್ಲೇ, ಯುದ್ಧದ ಎರಡನೇ ತಿಂಗಳಲ್ಲೇ, ರಣರಂಗದಲ್ಲಿ ಸತ್ತರು. ವಯಸ್ಸು 25. ಆ ಒಲಿಂಪಿಕ್ಸ್ ನಡೆಯಲೇ ಇಲ್ಲ. ಪ್ಯಾರಿಸ್‌ನಲ್ಲಿ ಅವರ ಹೆಸರಿನ ಸ್ಟೇಡಿಯಂ ಈಗಲೂ ಇದೆ.

ಎರಡನೆಯವರು ಅಮೆರಿಕದ ಲೂಯಿ ಝಂಪರೀನಿ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನ 5000 ಮೀಟರ್‌ನಲ್ಲಿ ಎಂಟನೆಯವರು. ವಯಸ್ಸು ಹತ್ತೊಂಬತ್ತು. ಕೊನೆಯ ಸುತ್ತನ್ನು ಸುಮಾರು 56 ಸೆಕೆಂಡಿನಲ್ಲಿ ಓಡಿದ್ದರು. ಐದು ಸಾವಿರ ಮೀಟರ್ ಓಟದ ಕೊನೆಯ ಸುತ್ತು ಅದು. ನೀವು ಒಂದು ಸಲ ಪ್ರಯತ್ನಿಸಿ ನೋಡಿ, ಗೊತ್ತಾಗುತ್ತದೆ. ಮುಂದಿನ ಒಲಿಂಪಿಕ್ಸ್‌ಗೆ ಪಳಗುತ್ತಾರೆ ಅಂತ ಎಲ್ಲರೂ ಕಾಯುತ್ತಿದ್ದರು. 1940 ರದ್ದು, 1944 ರದ್ದು. 1943ರಲ್ಲಿ ಅವರಿದ್ದ ಬಾಂಬರ್ ವಿಮಾನ ಪೆಸಿಫಿಕ್ ಸಮುದ್ರಕ್ಕೆ ಬಿತ್ತು. ರಬ್ಬರ್ ತೆಪ್ಪದ ಮೇಲೆ 47 ದಿನ ತೇಲಿದರು. ಬದುಕಿ ದಡ ಸೇರಿದರೆ ಅದು ಜಪಾನೀಯರ ಕೈಯಲ್ಲಿದ್ದ ದ್ವೀಪ. ಯುದ್ಧ ಮುಗಿಯುವವರೆಗೂ ಸೆರೆ, ಹಸಿವು, ಹೊಡೆತ. ಬಿಡುಗಡೆಯಾಗಿ ಬಂದವರು ಮತ್ತೆ ಓಡಲು ನೋಡಿದರು. ಆ ಕಾಲು ಹಳೆಯ ಕಾಲಾಗಿರಲಿಲ್ಲ. 1998ರಲ್ಲಿ ಜಪಾನಿನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ, ಎಂಬತ್ತೊಂದರ ಹೊಸ್ತಿಲಲ್ಲಿದ್ದ ಅವರನ್ನು ಕರೆದು ಜ್ಯೋತಿ ಹಿಡಿದು ಓಡಲು ಹೇಳಿದರು. ಹಿಂದೆ ಸೆರೆಯಿಟ್ಟಿದ್ದ ಕ್ಯಾಂಪಿನ ಹತ್ತಿರದ ಊರಿನಲ್ಲೇ ಓಡಿದರು.

ಅದಕ್ಕೆ ಯಾರೂ ಸ್ಟಾಪ್‌ವಾಚ್ ಹಿಡಿದಿರಲಿಲ್ಲ ಅಂದುಕೊಂಡಿದ್ದೇನೆ.

ನಲವತ್ತು ವರ್ಷ ಸ್ಕೋರ್ ಬರೆದೆ ಅಂತೀರಿ. ನಿಮ್ಮ ಪುಸ್ತಕದಲ್ಲೂ ಒಂದೇ ಸಾಲಿನ ಆಟಗಾರರು ಇದ್ದಾರಾ? ತಪ್ಪು ಬರೆದದ್ದು ಇದೆಯಾ? – ಹಳೆಯ ಓದುಗ

ಎರಡೂ ಇದೆ. ಎರಡೂ ಒಂದೇ ಸಾಲಿನಲ್ಲಿದೆ, ಅದೇ ತೊಂದರೆ.

ಶಾಲೆಗಳ ನಡುವಿನ ಪಂದ್ಯ. ಅವತ್ತು ಎದುರು ತಂಡದ ಸ್ಕೋರರ್ ಬಂದಿರಲಿಲ್ಲ, ನಾನೊಬ್ಬನೇ. ಇಬ್ಬರಿದ್ದರೆ ಓವರ್ ಮುಗಿದಾಗಲೆಲ್ಲ ತಾಳೆ ನೋಡಬಹುದು. ಒಬ್ಬನೇ ಇದ್ದರೆ ನಿನ್ನ ತಪ್ಪಿಗೆ ನೀನೇ ಸಾಕ್ಷಿ. ಒಬ್ಬ ಹುಡುಗ 46ರಲ್ಲಿದ್ದ. ಚೆಂಡು ಫೈನ್ ಲೆಗ್ ಕಡೆ ಗೆರೆ ದಾಟಿತು. ಅಂಪೈರ್ ಕೈ ಬೀಸಿ ಬೌಂಡರಿ ತೋರಿಸಿದರು. ಆಮೇಲೆ ಕಾಲೆತ್ತಿ ಮಂಡಿ ಮುಟ್ಟಿದರು. ಲೆಗ್ ಬೈ. ನಾನು ಹುಡುಗನ ಸಾಲು ಬಿಟ್ಟು ಇತರೆ ರನ್ನಿನ ಸಾಲಿನಲ್ಲಿ 4 ಬರೆದೆ. ಮುಂದಿನ ಚೆಂಡಿಗೇ ಹುಡುಗ ಬೌಲ್ಡ್. 46.

ಆ ಹುಡುಗ ಮತ್ತೆ ನನ್ನ ಪುಸ್ತಕಕ್ಕೆ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಒಬ್ಬ ಗೃಹಸ್ಥರು ನನ್ನನ್ನು ಗುರುತು ಹಿಡಿದು ನಿಲ್ಲಿಸಿದರು. ತಲೆ ಅರ್ಧ ನೆರೆತಿತ್ತು. ‘ಸಾರ್, ನೀವು ಸ್ಕೋರ್ ಬರೀತಿದ್ರಲ್ವಾ’ ಅಂದರು. ಹೌದು ಅಂದೆ. ‘ಅದು ಬ್ಯಾಟಿಗೆ ತಾಗಿತ್ತು ಸಾರ್’ ಅಂದರು. ಯಾವುದು ಅಂತ ಅವರು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ. ನನಗೆ ಗೊತ್ತಾಯಿತು. ಆಮೇಲೆ ಅವರೇ ನಕ್ಕು ಹೇಳಿದರು: ಅವತ್ತು ಅಂಪೈರ್ ಬೌಂಡರಿ ಮಾತ್ರ ತೋರಿಸಿದ್ದು. ಮಂಡಿ ಮುಟ್ಟಿದ್ದು ಪ್ಯಾಂಟಿಗೆ ಅಂಟಿದ್ದ ಹುಲ್ಲು ಒರೆಸಿಕೊಳ್ಳಲು.

ಐವತ್ತು ಆಗಬೇಕಾದದ್ದು. ಅವರ ಜೀವನದ ಒಂದೇ ಪಂದ್ಯವಂತೆ ಅದು.

ಮನೆಗೆ ಬಂದು ಟ್ರಂಕಿನಿಂದ ಪುಸ್ತಕ ತೆಗೆದೆ. ಗೆದ್ದಲು ಅಂಚು ತಿಂದಿತ್ತು, ಸಾಲು ಹಾಗೇ ಇತ್ತು. ಪಂದ್ಯ ಮುಗಿದು ಸಹಿ ಆದ ಪುಸ್ತಕವನ್ನು ತಿದ್ದುವ ಹಕ್ಕು ನನಗಿಲ್ಲ. 46ರ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅದೂ ಅಕ್ರಮವೇ. ಯಾರಿಗೂ ಹೇಳಬೇಡಿ.

ಕಳೆದ ಸಂಚಿಕೆಯಲ್ಲಿ ಆಸ್ಟ್ರೇಲಿಯಾದ ವೇಗದ ಬೌಲರ್ ಟಿಬ್ಬಿ ಕಾಟರ್ ಫ್ರಾನ್ಸ್‌ನಲ್ಲಿ ಸತ್ತರು ಅಂತ ಬರೆದಿದ್ದಿರಿ. ಅದು ಸರಿಯಲ್ಲ. – ಇತಿಹಾಸದ ಉಪನ್ಯಾಸಕಿ

ಸರಿಯಲ್ಲ ಮೇಡಂ, ನೀವು ಹೇಳಿದ್ದೇ ಸರಿ. 21 ಟೆಸ್ಟ್‌ನಲ್ಲಿ 89 ವಿಕೆಟ್ ತೆಗೆದ ಕಾಟರ್ ಸತ್ತದ್ದು ಪ್ಯಾಲೆಸ್ಟೈನ್‌ನ ಬೀರ್‌ಶೆಬಾದಲ್ಲಿ, 1917ರ ಅಕ್ಟೋಬರ್ 31ರಂದು, ಕುದುರೆ ಪಡೆಯ ಸೈನಿಕರಾಗಿ. ಕ್ಯಾಲವೇ ಫ್ರಾನ್ಸ್‌ನಲ್ಲಿ, ಅದೇ ವರ್ಷ ಮೇ 3ರಂದು. ಇಬ್ಬರ ಟಿಪ್ಪಣಿಯೂ ನನ್ನ ನೋಟ್‌ಬುಕ್ಕಿನ ಒಂದೇ ಪುಟದಲ್ಲಿತ್ತು, ಕಣ್ಣು ಒಂದು ಸಾಲು ಜಾರಿತು. ಕೆಂಪು ಇಂಕಿನಲ್ಲಿ ತಿದ್ದಿಕೊಂಡಿದ್ದೇನೆ.